ಸ್ಫೋಟ ಹಿಂಬದಿಯ ಮನೆಯಲ್ಲಿ, ಗಾಯ ನಮ್ಮ ಮನೆಯಲ್ಲಿ: ಕಿಟಕಿ ಗಾಜು ನೋಡಿಕೊಳ್ಳಿ

ಬಾಗಲಕೋಟೆ ನವನಗರದಲ್ಲಿ ಮನೆ ಕಟ್ಟಿಸುತ್ತಿರುವವರು, ಬಾಡಿಗೆಗೆ ಹುಡುಕುತ್ತಿರುವವರು ಇದನ್ನೊಮ್ಮೆ ಓದಿ. ನಮ್ಮ ಹಿಂಬದಿಯ ಮನೆಯಲ್ಲಿ ನಸುಕಿನಲ್ಲಿ ಗ್ಯಾಸ್ ಸೋರಿ ಸ್ಫೋಟವಾಯಿತು. ಬೆಂಕಿ ನಮ್ಮ ಕಡೆ ಬರಲೇ ಇಲ್ಲ. ಆದರೂ ಕಾಕಾನ ಬೆನ್ನಿಗೆ, ಅವ್ವನ ಕೈಗೆ ಹೊಲಿಗೆ ಬಿದ್ದವು. ಗಾಯ ಮಾಡಿದ್ದು ನಮ್ಮದೇ ಕಿಟಕಿ ಗಾಜು, ಹಿತ್ತಲಿನ ಸಿಮೆಂಟ್ ಪತ್ರಾಸ (ಶೀಟ್).

ಕಬ್ಬಿಣದ ತಗಡಾದರೆ ಹೊಡೆತಕ್ಕೆ ಡೊಂಕಾಗುತ್ತದೆ. ಗಾಜು, ಸಿಮೆಂಟ್ ಶೀಟ್ ಬಾಗುವುದಿಲ್ಲ, ಒಮ್ಮೆಲೇ ಒಡೆಯುತ್ತವೆ. ಗೋಡೆಗೆ ಬಿರುಕೂ ಬೀಳದಷ್ಟು ಒತ್ತಡಕ್ಕೇ ಸಾದಾ ಗಾಜು ಹೋಗಿಬಿಡುತ್ತದೆ. ಹೋಗುವುದೂ ಉದ್ದುದ್ದ ಚೂರಿಯಂಥ ತುಂಡುಗಳಾಗಿ. ಕಾಕಾನ ಮಂಚ ಕಿಟಕಿಗೆ ತಾಗಿಯೇ ಇತ್ತು. ಒಂದು ತುಂಡು ಎದುರಿನ ಕಪಾಟಿನ ಪ್ಲೈವುಡ್ಡಿಗೆ ನೆಟ್ಟಿತ್ತು. ಕೈಯಿಂದ ಕಿತ್ತರೆ ಬರಲಿಲ್ಲ, ಇಕ್ಕಳ ಬೇಕಾಯಿತು.

ಮನೆ ತೋರಿಸುವಾಗ ಮಾಲೀಕರು "ಟಫನ್ಡ್ ಗ್ಲಾಸ್ ಐತ್ರಿ, ಏನೂ ಆಗಂಗಿಲ್ಲ" ಅಂದಿದ್ದರು. ಸುಳ್ಳು. ಟಫನ್ಡ್, ಅಂದರೆ ಕಾಯಿಸಿ ಗಟ್ಟಿ ಮಾಡಿದ ಗಾಜಾಗಿದ್ದರೆ ಸಣ್ಣ ಸಣ್ಣ ಹರಳಾಗಿ ಉದುರಬೇಕಿತ್ತು. ಅಂಥ ಗಾಜಿನ ಮೂಲೆಯಲ್ಲಿ ಸಾಮಾನ್ಯವಾಗಿ ಕಂಪನಿಯ ಮುದ್ರೆ ಇರುತ್ತದೆ. ಅದಕ್ಕಿಂತ ಒಳ್ಳೆಯದು ಲ್ಯಾಮಿನೇಟೆಡ್ ಗಾಜು, ಕಾರಿನ ಮುಂದೆ ಹಾಕುವಂಥದ್ದು. ಒಡೆದರೂ ನಡುವಿನ ಪ್ಲಾಸ್ಟಿಕ್ ಪದರಕ್ಕೆ ಅಂಟಿಕೊಂಡಿರುತ್ತದೆ. ರೇಟು ಜಾಸ್ತಿ, ಗೊತ್ತು. ಮಲಗುವ ಕೋಣೆಗಾದರೂ ಹಾಕಿಸಿ. ಆಗದಿದ್ದರೆ ಗಾಜಿಗೆ ಚೂರು ಹಿಡಿದಿಡುವ ಪ್ಲಾಸ್ಟಿಕ್ ಹಾಳೆ (ಸೇಫ್ಟಿ ಫಿಲ್ಮ್) ಅಂಟಿಸಿ, ಮಂಚವನ್ನು ದೂರ ಸರಿಸಿ. ಮಂಚ ಸರಿಸಲು ದುಡ್ಡು ಬೇಕಿಲ್ಲ, ಅಲ್ವಾ?

ಹಳೆಯ ಸಿಮೆಂಟ್ ಶೀಟಿನಲ್ಲಿ ಆಸ್ಬೆಸ್ಟಾಸ್ ಎಂಬ ನಾರಿನಂಥ ಖನಿಜ ಇರುತ್ತದೆ. ಒಡೆದ ಚೂರನ್ನು ಒಣ ಕಸಬರಿಗೆಯಿಂದ ಗುಡಿಸಬೇಡಿ, ಆ ಧೂಳು ಪುಪ್ಪುಸಕ್ಕೆ ಕೆಟ್ಟದ್ದು. ನೀರು ಚಿಮುಕಿಸಿ ಎತ್ತಿ. ಬಿರುಕು ಬಿಟ್ಟ ಶೀಟಿನ ಮೇಲೆ ಯಾರನ್ನೂ ಹತ್ತಿಸಬೇಡಿ.

ಇನ್ನೊಂದು. ಸದ್ದು ಕೇಳಿದ ಕೂಡಲೇ ಓಣಿಯವರೆಲ್ಲ ಏನಾಯಿತೆಂದು ಕಿಟಕಿಗೆ ಮುಖ ಹಚ್ಚಿ ನಿಂತಿದ್ದರು. 2013ರಲ್ಲಿ ರಷ್ಯಾದ ಚೆಲ್ಯಾಬಿನ್ಸ್ಕ್ ಮೇಲೆ ಉಲ್ಕೆ ಸಿಡಿದಾಗಲೂ ಬೆಳಕು ನೋಡಲು ಜನ ಕಿಟಕಿಗೆ ಓಡಿದ್ದರು. ಆಮೇಲೆ ಬಂದ ಗಾಳಿಯ ಹೊಡೆತಕ್ಕೆ ಗಾಜು ಸಿಡಿಯಿತು. ಸುಮಾರು 1500 ಮಂದಿಗೆ ಗಾಯ, ಹೆಚ್ಚಿನವು ಗಾಜಿನಿಂದಲೇ. ಬೆಳಕು ಕಂಡರೆ, ಸದ್ದು ಕೇಳಿದರೆ ಕಿಟಕಿಯಿಂದ ದೂರ ಹೋಗಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ ಹೊರಗೆ ಬಂದು ಗ್ಯಾಸ್ ಸೋರಿಕೆಯ ಸಹಾಯವಾಣಿ 1906ಕ್ಕೆ ಫೋನ್ ಮಾಡಿ.

ನಾವು ಮನೆ ಬಿಟ್ಟೆವು. ಮಾಲೀಕರು ಮತ್ತೆ ಸಾದಾ ಗಾಜನ್ನೇ ಕೂರಿಸಿ, "ಬಾಡಿಗೆಗೆ ಇದೆ" ಬೋರ್ಡು ತೂಗುಹಾಕಿದ್ದಾರೆ. ಅಡ್ವಾನ್ಸ್ ಕೊಡುವ ಮೊದಲು ಮೂಲೆಯ ಮುದ್ರೆ ತೋರಿಸಿ ಅನ್ನಿ.