ಪಾಸ್ಕ ಮೇಣದಬತ್ತಿ: ಹಂಪನಕಟ್ಟೆಯ ಅಂಗಡಿಯೊಂದರಲ್ಲಿ ಮಾಡಿಸಿದ್ದು

ಕ್ರಿಸ್ತರ ಪುನರುತ್ಥಾನದ ಹಬ್ಬವಾದ ಪಾಸ್ಕ (ಈಸ್ಟರ್) 2025ರಲ್ಲಿ ಏಪ್ರಿಲ್ 20ರಂದು ಬಂದಿತ್ತು. ಹಿಂದಿನ ರಾತ್ರಿಯ ಜಾಗರಣೆಗಾಗಿ ನಮ್ಮ ಚರ್ಚಿನ ಆರಾಧನಾ ಸಮಿತಿಯು ಮಂಗಳೂರಿನ ಹಂಪನಕಟ್ಟೆ ಸಮೀಪದಲ್ಲಿ ಜಪಮಾಲೆ, ಪ್ರತಿಮೆ ಮುಂತಾದವನ್ನು ಮಾರುವ ಅಂಗಡಿಯೊಂದರಲ್ಲಿ ದೊಡ್ಡ ಪಾಸ್ಕ ಮೇಣದಬತ್ತಿಯನ್ನೂ, ಭಕ್ತರು ಕೈಯಲ್ಲಿ ಹಿಡಿಯುವ ಸಣ್ಣ ಬತ್ತಿಗಳನ್ನೂ ಮಾಡಿಸಿತು. ದೊಡ್ಡದರ ಬಗ್ಗೆ ನನಗೆ ಪೂರ್ಣ ತೃಪ್ತಿಯಿದೆ. ಸಣ್ಣವುಗಳ ಬಗ್ಗೆ ಇಲ್ಲ.

ಒಳಗೆ ಎಣ್ಣೆ ತುಂಬಿಸಿ, ಪ್ರತಿ ವರ್ಷ ಇಸವಿಯ ಸ್ಟಿಕ್ಕರ್ ಮಾತ್ರ ಬದಲಾಯಿಸುವ ಪ್ಲಾಸ್ಟಿಕ್ ಕೊಳವೆಯ ಬತ್ತಿಯೂ ಆ ಅಂಗಡಿಯಲ್ಲಿದೆ. ಅದು ಸೋರುವುದಿಲ್ಲ, ಖರ್ಚೂ ಉಳಿಯುತ್ತದೆ. ಆದರೆ ಪಾಸ್ಕ ಬತ್ತಿ ಮೇಣದ್ದೇ ಆಗಿರಬೇಕು, ಕೃತಕವಾಗಿರಬಾರದು, ವರ್ಷ ವರ್ಷವೂ ಹೊಸದಾಗಬೇಕು ಎಂದು ವ್ಯಾಟಿಕನ್ 1988ರಲ್ಲಿ ಹೊರಡಿಸಿದ ಸುತ್ತೋಲೆ ಸ್ಪಷ್ಟವಾಗಿ ಹೇಳಿದೆ, ಮತ್ತು ಇದು ಕೇವಲ ನಿಯಮದ ಮಾತೆಂದು ನಾನು ಭಾವಿಸುವುದಿಲ್ಲ. ತನ್ನನ್ನೇ ಕೊಟ್ಟು, ಸತ್ತು ಎದ್ದ ಕ್ರಿಸ್ತರ ಗುರುತಾಗಿ ನಿಲ್ಲುವ ಬತ್ತಿಯು ತಾನೂ ಕರಗುತ್ತ ಬೆಳಕು ಕೊಡಬೇಕು. ಆದ್ದರಿಂದ ಬೆಲೆ ಹೆಚ್ಚಾದರೂ ನಾವು ಮೇಣದ್ದನ್ನೇ ಆರಿಸಿದೆವು.

ಕೆಲಸ ಅಚ್ಚುಕಟ್ಟಾಗಿದೆ. ಶಿಲುಬೆ, ಅದರ ಮೇಲೆ ಗ್ರೀಕ್ ವರ್ಣಮಾಲೆಯ ಮೊದಲ ಅಕ್ಷರ ಆಲ್ಫಾ, ಕೆಳಗೆ ಕೊನೆಯ ಅಕ್ಷರ ಒಮೇಗಾ, ನಾಲ್ಕು ಮೂಲೆಗಳಲ್ಲಿ 2, 0, 2, 5 ಎಂಬ ಅಂಕಿಗಳು, ಎಲ್ಲವನ್ನೂ ಮೇಣದಲ್ಲೇ ಕೊರೆದು ಕೆಂಪು ಬಣ್ಣ ತುಂಬಿದ್ದಾರೆ. ಕ್ರಿಸ್ತರ ಐದು ಗಾಯಗಳನ್ನು ಸೂಚಿಸುವ ಧೂಪದ ಕಾಳುಗಳಿಗಾಗಿ ತೋಡಿದ ಐದು ಕುಳಿಗಳು ಎಷ್ಟು ಸರಿಯಾಗಿದ್ದವೆಂದರೆ, ಅಂಗಳದಲ್ಲಿ ಆ ರಾತ್ರಿಗಾಗಿ ಹೊತ್ತಿಸಿದ ಹೊಸ ಬೆಂಕಿಯ ಪಕ್ಕ ಗುರುಗಳು ಕಾಳುಗಳನ್ನು ಒಂದೊಂದಾಗಿ ಒತ್ತುವಾಗ ಒಂದೂ ಜಾರಲಿಲ್ಲ. ಬತ್ತಿಯ ನೂಲು ದಪ್ಪಗಿದ್ದುದರಿಂದ ಕಡಲ ಗಾಳಿಗೂ ಜ್ವಾಲೆ ಆರಲಿಲ್ಲ.

ದೀಪಗಳನ್ನೂ ಫ್ಯಾನುಗಳನ್ನೂ ನಿಲ್ಲಿಸಿದ ಚರ್ಚಿನೊಳಕ್ಕೆ ಆ ಒಂದೇ ಬೆಳಕು ಬರುತ್ತದೆ. ಮೂರು ಬಾರಿ ಮೇಲೆತ್ತಿ ಅದನ್ನು ಕ್ರಿಸ್ತರ ಜ್ಯೋತಿಯೆಂದು ಸಾರುತ್ತಾರೆ. ಅದರಿಂದಲೇ ಸಾಲು ಸಾಲಾಗಿ ಎಲ್ಲರ ಕೈಯ ಬತ್ತಿಗಳು ಹತ್ತಿಕೊಳ್ಳುತ್ತವೆ. ಗುರುಗಳ ಪ್ರಬೋಧನೆಯ (ಉಪದೇಶದ) ನಂತರ ಅವನ್ನು ಮತ್ತೆ ಹಚ್ಚಿ, ಅವರು ಕೇಳುವ ಪ್ರಶ್ನೆಗಳಿಗೆ ಪಾಪವನ್ನು ತೊರೆಯುತ್ತೇನೆ, ನಂಬುತ್ತೇನೆ ಎಂದು ಉತ್ತರಿಸುತ್ತ ನಾವು ದೀಕ್ಷಾಸ್ನಾನದ (ಕ್ರೈಸ್ತರಾಗುವ ಸಂಸ್ಕಾರದ) ವಾಗ್ದಾನಗಳನ್ನು ನವೀಕರಿಸುತ್ತೇವೆ. ಹಬ್ಬಕ್ಕೆ ಮುಂಚಿನ ತಪಸ್ಸುಕಾಲದ ಉಪವಾಸ, ಪ್ರಾರ್ಥನೆ, ದಾನಗಳೆಲ್ಲ ಈ ಕೆಲವು ನಿಮಿಷಗಳ ಉತ್ತರಕ್ಕಾಗಿಯೇ ನಡೆದ ಸಿದ್ಧತೆ. ಅಂಗಡಿಯವರು ಸೋತದ್ದೂ ಇಲ್ಲಿಯೇ. ಸಣ್ಣ ಬತ್ತಿಗಳಿಗೆ ಸಿಕ್ಕಿಸಿದ್ದ ತೆಳು ಕಾಗದದ ತಟ್ಟೆಗಳು ಕರಗಿದ ಮೇಣವನ್ನು ತಡೆಯಲಿಲ್ಲ. ಬಿಸಿ ಹನಿ ಬೆರಳಿಗೆ ಬಿದ್ದು ಹಲವು ಮಕ್ಕಳೂ ಹಿರಿಯರೂ ಕೊನೆಯ ಪ್ರಶ್ನೆಗೆ ಉತ್ತರಿಸುವ ಮೊದಲೇ ಬತ್ತಿ ಆರಿಸಿದರು. ಏಪ್ರಿಲಿನ ಸೆಕೆಗೆ ಕೆಲವು ಪೆಟ್ಟಿಗೆಯಲ್ಲೇ ಬಾಗಿದ್ದವು. ಜನರ ಮನಸ್ಸು ಆ ಹೊತ್ತಿನಲ್ಲಿ ಬೆರಳಿನ ಉರಿಯ ಕಡೆಗೆ ಹೋಗಬಾರದಿತ್ತು.

ದೊಡ್ಡ ಬತ್ತಿಯ ನಿಜವಾದ ಪರೀಕ್ಷೆ ಹಬ್ಬದ ನಂತರದ್ದು. ಪಾಸ್ಕ ಕಾಲವನ್ನು ಮುಗಿಸುವ ಪಂಚಾಶತ್ತಮ ದಿನದವರೆಗೆ, ಅಂದರೆ ಜೂನ್ 8ರವರೆಗೆ, ಅದು ಬಲಿಪೀಠದ ಬಳಿ ಉರಿಯಿತು. ಆಮೇಲೆ ದೀಕ್ಷಾಸ್ನಾನದ ತೊಟ್ಟಿಯ ಪಕ್ಕಕ್ಕೆ ಬಂತು. ಮಗುವಿನ ದೀಕ್ಷಾಸ್ನಾನಕ್ಕೂ, ಶವಸಂಸ್ಕಾರದ ಪೂಜೆಯಲ್ಲಿ ಪೆಟ್ಟಿಗೆಯ ಬಳಿಯೂ ಹಚ್ಚುವುದು ಇದನ್ನೇ. ಎಲ್ಲಿಯೂ ನಡುವೆ ಗುಳಿ ಬೀಳದೆ, ಹೊಗೆ ಕಾರದೆ ಸಮನಾಗಿ ಉರಿದಿದೆ. ಮಗುವನ್ನು ಕಳೆದುಕೊಂಡ ಮನೆಯವರ ಎದುರು ಅದು ಹಬ್ಬದ ರಾತ್ರಿಯಷ್ಟೇ ಸ್ಥಿರವಾಗಿ ಉರಿದುದನ್ನು ಕಂಡು, ನಾವು ಕೊಟ್ಟ ಹಣ ಸಾರ್ಥಕವೆನಿಸಿತು.

ಕೊರೆದ ಬತ್ತಿ ಬೇಕೆನ್ನುವ ಚರ್ಚುಗಳು ತಪಸ್ಸುಕಾಲ ಆರಂಭವಾಗುವ ಬೂದಿ ಬುಧವಾರದ ಹೊತ್ತಿಗೇ ಆರ್ಡರ್ ಕೊಡುವುದು ಒಳ್ಳೆಯದು. ಸಣ್ಣ ಬತ್ತಿಗಳನ್ನೂ ಅಲ್ಲಿಯೇ ಕೊಳ್ಳುವುದಾದರೆ ದಪ್ಪ ರಟ್ಟಿನ ತಟ್ಟೆಗಳನ್ನೇ ಕೇಳಿ ಪಡೆಯಿರಿ.