ನೆರಿಕಾ–4 ಬಿತ್ತನೆ ಭತ್ತ: ಎರಡು ಹಂಗಾಮು ಬೆಳೆದ ನಂತರದ ಅಭಿಪ್ರಾಯ

ಉಗಾಂಡದ ಹೊಯ್ಮಾ ಜಿಲ್ಲೆಯಲ್ಲಿ ಒಂದು ಎಕರೆ ಬೆದ್ದಲು ಹೊಲಕ್ಕೆ ಆಫ್ರಿಕದ ಭತ್ತ ಮತ್ತು ಏಷ್ಯಾದ ಭತ್ತ ಕೂಡಿಸಿ ಮಾಡಿದ ನೆರಿಕಾ–4 ತಳಿಯನ್ನು ಎರಡು ಹಂಗಾಮು ಬಿತ್ತಿದ್ದೇನೆ. ಹಾನಗಲ್ ಕಡೆಯ ಕೂರಿಗೆ ಭತ್ತವನ್ನು ಕಂಡು ಬೆಳೆದ ನನಗೆ ಮಳೆಯ ತೇವದಲ್ಲೇ ಬರುವ ಭತ್ತ ಹೊಸದಲ್ಲ. ಆದರೆ ಬಿತ್ತಿದ ನೂರು ದಿನಕ್ಕೆಲ್ಲ ಕೊಯ್ಲಿಗೆ ಬಂದ ಈ ತಳಿ, ಹೂ ಬಿಡುವ ಮೊದಲು ಹನ್ನೆರಡು ದಿನ ಮಳೆ ಕೈಕೊಟ್ಟರೂ ಸುಧಾರಿಸಿಕೊಂಡು ಎಕರೆಗೆ ಒಂಬತ್ತು ಕ್ವಿಂಟಲ್ ಕೊಟ್ಟಿತು.

ಮೊದಲ ಸಲ ಪೇಟೆಯ ಅಂಗಡಿಯೊಂದರಿಂದ ತಂದ 25 ಕೆ.ಜಿ. ಚೀಲದಲ್ಲಿ ಬೆರಕೆ ಇತ್ತು. ತೆನೆ ಬಾಗುವ ಹೊತ್ತಿಗೆ ಸಾಲಿನ ನಡುವೆ ಉದ್ದ ಮೀಸೆಯ, ಕಪ್ಪು ಸಿಪ್ಪೆಯ ತೆನೆಗಳು ತಲೆಯೆತ್ತಿದವು. ಒಂದನ್ನು ಅಂಗೈಯಲ್ಲಿ ಉಜ್ಜಿದರೆ ಒಳಗೆ ಕೆಂಪಕ್ಕಿ. ಎರಡನೆಯ ಸಲ ಬೀಜೋತ್ಪಾದಕ ರೈತರ ಗುಂಪಿನಿಂದ ತಂದದ್ದು ಶುದ್ಧವಾಗಿತ್ತು. ಆದ್ದರಿಂದ ಆ ದೋಷವನ್ನು ತಳಿಯ ಲೆಕ್ಕಕ್ಕೆ ಹಾಕಲಾರೆ.

ತಳಿಯದೇ ಆದ ಕೊರತೆ ಕಳೆಯ ವಿಷಯದಲ್ಲಿದೆ. 1990ರ ದಶಕದ ಆರಂಭದಲ್ಲಿ ಐವರಿ ಕೋಸ್ಟ್‌ನ ಎಂಬೆಯಲ್ಲಿ ಸಿಯೆರಾ ಲಿಯೋನ್ ಮೂಲದ ಮಾಂಟಿ ಜೋನ್ಸ್ ಮತ್ತು ಸಂಗಡಿಗರು ಸೆನೆಗಲ್‌ನ ಕಾಸಮಾನ್ಸ್ ಪ್ರದೇಶದ ಸಿಜಿ 14 ಎಂಬ ಆಫ್ರಿಕನ್ ಭತ್ತವನ್ನು ಏಷ್ಯಾದ ಭತ್ತದ ಜಾತಿಗೆ ಸೇರಿದ ಡಬ್ಲ್ಯುಎಬಿ 56-104ರೊಂದಿಗೆ ಕೂಡಿಸಿದಾಗ, ಹುಟ್ಟಿದ ಸಂತತಿ ಬಹುಮಟ್ಟಿಗೆ ಜೊಳ್ಳಾಯಿತು. ಅದನ್ನು ಮತ್ತೆರಡು ಬಾರಿ ಏಷ್ಯಾದ ಆ ಮೂಲತಳಿಗೇ ಕೂಡಿಸಿ ಫಲವತ್ತತೆಯನ್ನು ಮರಳಿ ತರಬೇಕಾಯಿತು. ಹೀಗೆ ಮಾಡಿದಾಗ ಆಫ್ರಿಕನ್ ಪಾಲು ಸರಾಸರಿ ಲೆಕ್ಕದಲ್ಲಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಎಳೆಯದರಲ್ಲೇ ಅಗಲ ಎಲೆ ಹರಡಿ, ನೆಲಕ್ಕೆ ನೆರಳು ಕವಿದು ಕಳೆಯನ್ನು ಅಡಗಿಸುವ ಸಿಜಿ 14ರ ಗುಣ ಪೂರ್ತಿಯಾಗಿ ಬಂದಿಲ್ಲವೆಂಬುದು ನನ್ನ ಹೊಲದಲ್ಲೂ ಕಂಡಿತು. ಕಳೆ ತೆಗೆಯುವ ಕೂಲಿ ಉಳಿಯುತ್ತದೆಂದು ಮಾರುವವರು ಹೇಳಿದ್ದನ್ನು ನಂಬಿದ್ದೆ. ಎರಡೂ ಹಂಗಾಮಿನಲ್ಲಿ ಎರಡೆರಡು ಸಲ ಕಳೆ ಕೀಳಿಸಿದೆ. ಅದೇ ಆಫ್ರಿಕನ್ ಭತ್ತದ ಕಾಳು ಉದುರುವ, ಗಿಡ ನೆಲಕ್ಕೊರಗುವ ದೋಷಗಳು ಇದರಲ್ಲಿ ಇಲ್ಲವೆಂಬುದನ್ನೂ ಹೇಳಬೇಕು.

ನನ್ನನ್ನು ಹೆಚ್ಚು ಕಾಡುವುದು ಬೇರೆಯದೇ. ಬೆದ್ದಲಿಗೆಂದು ಬಂದ ನೆರಿಕಾ 1ರಿಂದ 18ರವರೆಗಿನ ಎಲ್ಲ ತಳಿಗಳಿಗೂ ಆಫ್ರಿಕನ್ ಕಡೆಯ ಮೂಲ ಸಿಜಿ 14 ಒಂದೇ. ಸುಮಾರು ಮೂರು ಸಾವಿರ ವರ್ಷಗಳ ಹಿಂದೆ ರೈತರು ಕಾಡುಭತ್ತವನ್ನು ಪಳಗಿಸಿ, ಪಶ್ಚಿಮ ಆಫ್ರಿಕದ ಕೆರೆಯಂಗಳದಿಂದ ಗುಡ್ಡದ ಓರೆಯವರೆಗೆ ಒಗ್ಗಿಸಿದ ಬೆಳೆಯ ಪ್ರತಿನಿಧಿಯಾಗಿ ನಮ್ಮ ಬೆದ್ದಲಿಗೆ ತಲುಪಿರುವುದು ಒಂದೇ ಊರುತಳಿ. ಆ ಒಂದರಲ್ಲೇ ಬಿಸಿಲಿನ ತಾಪ ತಡೆಯುವ ಟಿಟಿ1 ಜೀನು 2015ರಲ್ಲಿ ಪತ್ತೆಯಾಯಿತು. ಆದರೆ ಭತ್ತದ ಎಲೆ ಹಳದಿಯಾಗಿಸುವ ನಂಜುರೋಗವನ್ನು ಬಲವಾಗಿ ತಡೆಯುವ ಜೀನು ಇರುವುದು ಟಿಒಜಿ 5681ರಂಥ ಬೇರೆ ಆಫ್ರಿಕನ್ ಭತ್ತಗಳಲ್ಲಿ. ಟಿಒಜಿ 5681 ಅನ್ನು ಏಷ್ಯಾದ ಐಆರ್ 64 ತಳಿಯೊಂದಿಗೆ ಕೂಡಿಸಿ ತಗ್ಗು ಗದ್ದೆಯ ನೆರಿಕಾ–ಎಲ್ ತಳಿಗಳನ್ನು ಮಾಡಿದರು. ಭತ್ತದ ಸಂಶೋಧನೆ ನಡೆಸುವ ಆಫ್ರಿಕಾರೈಸ್ ಸಂಸ್ಥೆಯ ಬೀಜಭಂಡಾರದಲ್ಲಿ ಕಾದಿಟ್ಟ ಸಾವಿರಾರು ಮಾದರಿಗಳಿಂದ ಬೆದ್ದಲಿಗೂ ಅಂಥ ವೈವಿಧ್ಯ ಬರಲೇಬೇಕು.

ಅಕ್ಕಿ ಉದ್ದ, ಬಿಳುಪು. ಅನ್ನ ಬಿಡಿಬಿಡಿಯಾಗಿ ಆಗುತ್ತದೆ, ಸಾರಿಗೆ ಒಪ್ಪುತ್ತದೆ.

ನೀರು ನಿಲ್ಲದ ಹೊಲ, ಕಳೆ ಕೀಳಲು ಕೈಯಾಳು ಎರಡೂ ಇರುವವರು ಇದನ್ನು ಧೈರ್ಯವಾಗಿ ಬಿತ್ತಬಹುದು. ಕೊಳ್ಳುವ ಮೊದಲು ಚೀಲದ ತಳದಿಂದ ಒಂದು ಹಿಡಿ ತೆಗೆದು, ಬಿಳಿ ಬಟ್ಟೆಯ ಮೇಲೆ ಹರಡಿ, ಹತ್ತಿಪ್ಪತ್ತು ಕಾಳುಗಳ ಸಿಪ್ಪೆ ಸುಲಿದು ನೋಡಿ. ಒಂದು ಕೆಂಪು ಕಾಳು ಸಿಕ್ಕರೂ ಆ ಚೀಲವನ್ನು ಬಿಟ್ಟುಬಿಡಿ.