ಚೆಲ್ಟನ್‌ಹ್ಯಾಂ ರೇಸ್ ಟಿಪ್ಸ್ ಚಾನೆಲ್: ಐದಕ್ಕೆ ಒಂದೂವರೆ ಸ್ಟಾರ್

ಚಿಕ್ಕಮಗಳೂರಿನಲ್ಲಿ ನಾವು ಕೆಲವು ಗೆಳೆಯರು ಸೇರಿ ದುಡ್ಡು ಕಟ್ಟಿದ್ದ, ಇಂಗ್ಲೆಂಡಿನ ಚೆಲ್ಟನ್‌ಹ್ಯಾಂ ಕುದುರೆ ರೇಸ್ ಹಬ್ಬದಲ್ಲಿ ಯಾವ ಕುದುರೆಗೆ ಬೆಟ್ ಕಟ್ಟಬೇಕು ಅಂತ ಟಿಪ್ಸ್ ಕೊಡುವ ಟೆಲಿಗ್ರಾಂ ಚಾನೆಲ್ ಹೇಗಿದೆ ಅಂತ ಸುಮಾರು ಜನ ಕೇಳಿದ್ದರು. ಹೆಸರು ಬೇಡ ಬಿಡಿ.

ರೇಸ್ ಕಾರ್ಡ್ ಚೆನ್ನಾಗಿತ್ತು. ನಾಲ್ಕು ದಿನ, 28 ರೇಸ್, ಯಾವ ಕುದುರೆಗೆ ಯಾವ ಜಾಕಿ, ನೆಲ ಒದ್ದೆಯೋ ಗಟ್ಟಿಯೋ, ಎಲ್ಲ ಇತ್ತು. ಆದರೆ ಟಿಪ್ಸ್? ಬರೀ ಫೇವರಿಟ್‌ಗಳೇ, ಅಂದರೆ ಗೆಲ್ಲುತ್ತವೆ ಅಂತ ಹೆಚ್ಚು ಜನ ನಂಬಿರುವ ಕುದುರೆಗಳೇ! ಅದನ್ನು ಹೇಳೋಕೆ ದುಡ್ಡು ಯಾಕೆ ಕೊಡಬೇಕು? ಬೆಂಗಳೂರಿನಲ್ಲಿ ನೋಡುವ ಸಪಾಟು ಓಟ ಬೇರೆ, ಬೇಲಿ ಹಾರುವ ಈ ಓಟ ಬೇರೆ ಅಲ್ವಾ. ಇಲ್ಲಿನ ದೊಡ್ಡ ರೇಸ್‌ಗಳಲ್ಲಿ ಒಂದಾದ ಚಾಂಪಿಯನ್ ಹರ್ಡಲ್‌ನಲ್ಲಿ 2025ರಲ್ಲಿ ಫೇವರಿಟ್ ಕಾನ್‌ಸ್ಟಿಟ್ಯೂಷನ್ ಹಿಲ್ ಮಧ್ಯದಲ್ಲೇ ಬಿತ್ತು, ಆಮೇಲೆ ಮುಂದೆ ಓಡುತ್ತಿದ್ದ ಸ್ಟೇಟ್ ಮ್ಯಾನ್ ಕೊನೆಯ ಬೇಲಿಯಲ್ಲಿ ಮುಗ್ಗರಿಸಿ ಬಿತ್ತು, ಯಾರ ಲೆಕ್ಕದಲ್ಲೂ ಇಲ್ಲದ ಗೋಲ್ಡನ್ ಏಸ್ 25ಕ್ಕೆ 1ರ ದರದಲ್ಲಿ (1 ರೂಪಾಯಿ ಕಟ್ಟಿದರೆ 25 ರೂಪಾಯಿ ಲಾಭ) ಗೆದ್ದುಬಿಟ್ಟಿತು. ಕುದುರೆ ಬೀಳಬಹುದು ಅನ್ನುವ ಬಗ್ಗೆ ಚಾನೆಲ್‌ನಲ್ಲಿ ಒಂದು ಸಾಲೂ ಇಲ್ಲ.

‘ಈಚ್ ವೇ’ ಹಾಕಿ ಅಂತ ಸುಮ್ನೆ ಬರೆಯುತ್ತಾರೆ. ಅದು ಎರಡು ಬೆಟ್. 100 ರೂಪಾಯಿ ಈಚ್ ವೇ ಅಂದರೆ ಜೇಬಿನಿಂದ ಹೋಗುವುದು 200: ಅರ್ಧ ಗೆಲುವಿಗೆ, ಅರ್ಧ ಮೊದಲ ಕೆಲವು ಸ್ಥಾನಕ್ಕೆ. ಸ್ಥಾನಕ್ಕೆ ಸಾಮಾನ್ಯವಾಗಿ ಸಿಗುವುದು ಗೆಲುವಿನ ದರದ ಐದನೇ ಒಂದು ಭಾಗ. ಹೊಸಬರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು?

ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಬಂದಿದ್ದು, ವಿದೇಶಿ ಬೆಟ್ಟಿಂಗ್ ಆ್ಯಪ್‌ನ ಲಿಂಕ್ ಕಳಿಸಿದ್ದಕ್ಕೆ. 2025ರಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆಯೇ ಬಂದಿದೆ, ಇವರಿಗೆ ಅದರ ಪರಿವೆಯೇ ಇಲ್ಲ. ಪ್ರಶ್ನೆ ಕೇಳಿದವರನ್ನು ಅಡ್ಮಿನ್ ಬ್ಲಾಕ್ ಮಾಡಿದರು. ಆ ಒಂದೂವರೆ ಸ್ಟಾರ್ ರೇಸ್ ಕಾರ್ಡ್‌ಗೆ ಮಾತ್ರ, ಅದೂ ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ.